ಗುಳ್ಳದ ಮೇಲಿನ ಗುಲ್ಲು

ಎಪ್ಪತ್ತನಾಲ್ಕು ವರ್ಷದ ವಿಧವೆಯೊಬ್ಬಳು ತನ್ನ ಸೊಂಟದ ಬಗ್ಗೆ ಬರೆಯುವುದು ಶೋಭೆಯ ಸಂಗತಿಯಲ್ಲ ಎಂದು ನನಗೂ ಗೊತ್ತು. ಆದರೆ ಕಳೆದ ಎರಡು ತಿಂಗಳಲ್ಲಿ ನನ್ನ ಸೊಸೆ, ಮೊಮ್ಮಗಳು, ನೌಪಾಡಾದ ಡಾಕ್ಟರಮ್ಮ, ಇವರೆಲ್ಲ ಸಾಲದೆಂದು ಒಂದು ಯಂತ್ರ, ಹೀಗೆ ಲೋಕವೇ ನೋಡಿ ಮುಗಿಸಿದ ಸೊಂಟವನ್ನು ನಿಮ್ಮೊಬ್ಬರಿಂದ ಮುಚ್ಚಿಟ್ಟು ನಾನು ಸಾಧಿಸುವುದೇನು? ಬರೆದೇ ಬಿಡುತ್ತೇನೆ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ. ನೆನಪು ಮಾತ್ರ ತಪ್ಪುವುದಿಲ್ಲ. (ಹಾಗೆಂದು ನಾನು ತಿಳಿದುಕೊಂಡಿದ್ದೆ. ಮುಂದೆ ಓದಿ.)

ವಿಷಯ ಇಷ್ಟೆ. ಬಲ ಸೊಂಟದಲ್ಲಿ, ಸೀರೆಯ ನೆರಿಗೆಯಿಂದ ನಾಲ್ಕು ಬೆರಳು ಆಚೆ, ಅಂಗೈಯಗಲದ ಜಾಗದಲ್ಲಿ ನನಗೆ ಹನ್ನೊಂದು ವರ್ಷದಿಂದ ತುರಿಕೆ. ಒಮ್ಮೆ ಕೆಂಪು, ಒಮ್ಮೆ ಕಪ್ಪು, ಒಮ್ಮೆ ಸಾಸಿವೆಯಷ್ಟು ದೊಡ್ಡ ನೀರುಗುಳ್ಳೆ. ತುರಿಸಿದರೆ ಸ್ವರ್ಗಸುಖ, ತುರಿಸಿ ಮುಗಿದ ಮೇಲೆ ನರಕ. ಡಾಕ್ಟರರಿಗೆ ತೋರಿಸುವ ಜಾಗವೇ ಅದು? ಮೆಡಿಕಲ್ ಅಂಗಡಿಗೆ ಹೋಗಿ "ಖುಜಲಿ" ಎನ್ನುತ್ತಿದ್ದೆ. ಎಲ್ಲಿ ಎಂದು ಅವನು ಕೇಳಿದರೆ "ಕೈಗೆ" ಎನ್ನುತ್ತಿದ್ದೆ. ಕೈಯ ಹೆಸರಿನಲ್ಲಿ ಬಂದ ಮುಲಾಮು ಸೊಂಟಕ್ಕೆ ಹೋಗಿ ಏನು ಮಾಡಬೇಕೆಂದು ತೋಚದೆ ಸುಮ್ಮನೆ ಕೂರುತ್ತಿತ್ತು.

ಆದರೆ ಕಾರಣ ನನಗೆ ಮೊದಲ ದಿನವೇ ಗೊತ್ತಿತ್ತು. ನಂಜು! ನಂಜು ಎಂದರೆ ವಿಷ ಎಂದು ಘಟ್ಟದ ಮೇಲಿನವರು ತಿಳಿಯುತ್ತಾರೆ. ನಮ್ಮ ಕರಾವಳಿಯ ನಂಜಿಗೆ ಅಷ್ಟು ಅವಸರವಿಲ್ಲ. ಅದು ಬಾಯಿಯಿಂದ ಒಳಗೆ ಹೋಗಿ, ಕಾಲು ಚಾಚಿ ಕೂತು, ಹೊತ್ತು ನೋಡಿ ಚರ್ಮದ ಮೇಲೆ ತಲೆ ಎತ್ತುವಂಥದ್ದು. ಒಣಮೀನು ನಂಜು, ಸಿಗಡಿ ನಂಜು, ಹಲಸಿನ ಹಣ್ಣು ನಂಜು. ಎಲ್ಲಕ್ಕೂ ಮಿಗಿಲಾದ ನಂಜು ಬದನೆ. ಬದನೆಗಳಲ್ಲೂ ಚಕ್ರವರ್ತಿ ಮಟ್ಟು ಗುಳ್ಳ, ದುಂಡಗೆ ಹಸಿರಾಗಿ, ತೊಟ್ಟಿನಲ್ಲಿ ಮುಳ್ಳು ಇಟ್ಟುಕೊಂಡೇ ಹುಟ್ಟುವಂಥದ್ದು. ನನ್ನ ಸೊಸೆ ಜ್ಯೋತ್ಸ್ನಾಳ ತವರು ಇದೇ ಮಟ್ಟು. ಗುಳ್ಳ ತಿಂದರೆ ಗುಳ್ಳೆ ಏಳುತ್ತದೆ ಎನ್ನುವುದಕ್ಕೆ ಅದರ ಹೆಸರಿಗಿಂತ ದೊಡ್ಡ ಸಾಕ್ಷಿ ಬೇಕೆ?

ಸಾಕ್ಷಿಯೂ ಇತ್ತು. ನನ್ನ ಯಜಮಾನರು ಮುಂಡಪ್ಪನವರು ತೀರಿಕೊಂಡ ವರ್ಷವೇ ಅದು. ಬುಧವಾರ ಮಧ್ಯಾಹ್ನ ಜ್ಯೋತ್ಸ್ನಾಳ ತಾಯಿ ಊರಿನಿಂದ ಬಂದರು. ಕೈಯಲ್ಲಿ ನೀಲಿ ಪಟ್ಟೆಯ ಚೀಲ, ಚೀಲದಲ್ಲಿ ಹದಿನಾಲ್ಕು ಗುಳ್ಳ, ಎರಡು ತೆಂಗಿನಕಾಯಿ. ರಾತ್ರಿ ಗುಳ್ಳದ ಸಾಂಬಾರು. ಗುರುವಾರ ಬೆಳಿಗ್ಗೆ, ಹಾಲಿನವನು ಗಂಟೆ ಒತ್ತುವ ಹೊತ್ತಿಗೆ ಸರಿಯಾಗಿ, ತುರಿಕೆ! ಶುಕ್ರವಾರ ನಾನು ಆಜ್ಞೆ ಹೊರಡಿಸಿದೆ: ಇನ್ನು ಈ ಮನೆಯ ಹೊಸ್ತಿಲು ದಾಟಿ ಬದನೆ ಬರಕೂಡದು.

ಬದನೆ ನಿಂತಿತು. ತುರಿಕೆ ನಿಲ್ಲಲಿಲ್ಲ.

"ಮಾಮಿ, ಹನ್ನೊಂದು ವರ್ಷದ ಹಿಂದೆ ತಿಂದ ಗುಳ್ಳ ಈಗ್ಲೂ ಹೊಟ್ಟೆಯಲ್ಲಿ ಉಂಟಾ?" ಎಂದು ಜ್ಯೋತ್ಸ್ನಾ ವರ್ಷಕ್ಕೊಮ್ಮೆಯಾದರೂ ಕೇಳುತ್ತಾಳೆ.

"ನಿನ್ನ ತವರಿನ ಗುಳ್ಳ ಅಲ್ವಾ ಮಾರಾಯ್ತಿ, ಹಟ ಜಾಸ್ತಿ."

"ಮತ್ತೆ ಮೊನ್ನೆ ತುರಿಕೆ ಜಾಸ್ತಿ ಆದದ್ದು ಎಂತಕ್ಕೆ?"

"ಪಕ್ಕದ ಮನೆಯವಳು ಭರಲೀ ವಾಂಗಿ ಮಾಡಿದ್ಳು. ಎಣ್ಣೆಯಲ್ಲಿ ಬದನೆ ಬಾಡುವ ಪರಿಮಳ ಇಡೀ ಮೆಟ್ಟಿಲಿಗೆ ಬಂದಿತ್ತು. ಪರಿಮಳದಲ್ಲೂ ನಂಜು ಉಂಟು."

ಈ ಮನೆಯಲ್ಲಿ ನನ್ನ ಮಾತಿಗೆ ಇಷ್ಟು ಬೆಲೆ ಏಕೆ ಎಂದು ನೀವು ಕೇಳಬಹುದು. ಅದರ ಗುಟ್ಟು ಬೀಗದ ಕೈಗಳ ಗೊಂಚಲು. ಯಜಮಾನರು ಠಾಣೆ ಶಹರದ ಕೋಪರಿಯಲ್ಲಿ ಮೂವತ್ತೊಂದು ವರ್ಷ ಕ್ಯಾಂಟೀನು ನಡೆಸಿದವರು. ಅವರ ಪ್ಯಾಂಟಿನ ಕಿಸೆಯಲ್ಲಿ ಸದಾ ಜಣಜಣ ಎನ್ನುತ್ತಿದ್ದ ಎಂಟು ಬೀಗದ ಕೈಗಳನ್ನು ಹದಿಮೂರನೆಯ ದಿನ ಮಗ ಶೇಖರ ತಂದು ನನ್ನ ಕೈಯಲ್ಲಿಟ್ಟ. ನಾನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಂದಿನಿಂದ ಈ ಮನೆಯ ಆಡಳಿತ ಅಲ್ಲೇ ನೇತಾಡುತ್ತಿದೆ. ಚೌತಿಗೋ ದೀಪಾವಳಿಗೋ ಕಪಾಟಿನಿಂದ ಚಿನ್ನ ತೆಗೆಯಬೇಕಾದರೆ ಜ್ಯೋತ್ಸ್ನಾ ನನ್ನ ಎದುರು ನಿಂತು, "ಮಾಮಿ, ಬೀಗದ ಕೈ ಒಮ್ಮೆ ಕೊಡ್ತೀರಾ?" ಎನ್ನಬೇಕು. ನಾನು ಕೂಡಲೇ ಕೊಡುವುದಿಲ್ಲ. "ಎಂತಕ್ಕೆ?" ಎನ್ನುತ್ತೇನೆ. ಎಂತಕ್ಕೆ ಎಂದು ನನಗೆ ಗೊತ್ತಿರುತ್ತದೆ, ಆದರೂ ಎನ್ನುತ್ತೇನೆ. ಆ ಗೊಂಚಲು ಇಲ್ಲದಿದ್ದರೆ ನಾನು ಟಿವಿಯ ಎದುರು ಕೂರುವ ಇನ್ನೊಂದು ಮುದುಕಿ, ಅಷ್ಟೆ.

ಹೀಗಿರುವಾಗ ಮೊಮ್ಮಗಳು ಅಪೇಕ್ಷಾ ಒಂದು ದಿನ ಕಾಲೇಜಿನಿಂದ ಬಂದವಳೇ ನಾನು ಬಾಗಿಲ ಚೌಕಟ್ಟಿಗೆ ಸೊಂಟ ಉಜ್ಜುತ್ತಿರುವುದನ್ನು ನೋಡಿದಳು. (ಎಮ್ಮೆ ಮರಕ್ಕೆ ಉಜ್ಜಿದ ಹಾಗೆ ಎಂದು ಅವಳ ಅಭಿಪ್ರಾಯ.)

"ಅಜ್ಜೀ! ಯೇ ಕ್ಯಾ ಕರ್ ರಹೀ ಹೋ? ನೌಪಾಡಾದಲ್ಲಿ ಒಂದು ಸ್ಕಿನ್ ಕ್ಲಿನಿಕ್ ಉಂಟು. ಮನೆಯಿಂದ್ಲೇ ಫೋಟೋ ತೆಗೆದು ಹಾಕಿದ್ರೆ ಸಾಕು. ಏ-ಆಯ್ ನೋಡುತ್ತೆ."

ಇಲ್ಲಿಯ ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಸಂಜೆ ಕೆಳಗೆ ಆಡುವ ಮಕ್ಕಳು ಕತ್ತೆತ್ತಿ "ಏ ಆಯೀ, ಪಾಣೀ!" ಎಂದು ಬೊಬ್ಬೆ ಹೊಡೆಯುವುದನ್ನು ನಲವತ್ತು ವರ್ಷದಿಂದ ಕೇಳುತ್ತಿದ್ದೇನೆ.

"ಯಾರ ಆಯಿ? ಡಾಕ್ಟರನ ಆಯಿಯಾ?"

"ಯಾರ ಆಯಿಯೂ ಅಲ್ಲ ಅಜ್ಜಿ. ಏ-ಆಯ್!"

"ಬೊಬ್ಬೆ ಹೊಡೀಬೇಡ. ಹೆಂಗಸು ತಾನೇ, ನೋಡ್ಲಿ. ವಯಸ್ಸಾದವಳಾ?"

"ಅರೇ, ವೋ ಔರತ್ ಹೈ ಹೀ ನಹೀಂ!"

ಹೆಂಗಸೇ ಅಲ್ಲವಂತೆ! ಮನೆಯಲ್ಲಿ ನಾವು ಆಡುವುದು ತುಳು. ತುಳುವಿನಲ್ಲಿ "ಆಯೆ" ಎಂದರೆ "ಅವನು". ಆಯಿ ಅಲ್ಲದಿದ್ದರೆ ಮತ್ತೆ ಆಯೆಯೇ ಸೈ!

"ಏರ್ ಆಯೆ?" ಎಂದು ಕಿರುಚಿದೆ. "ಯಾರವನು? ನನ್ನ ಸೊಂಟ ನೋಡ್ಲಿಕ್ಕೆ ಅವನು ಯಾರು? ಕಟ್ಟಿಕೊಂಡ ಗಂಡ ದೀಪ ಆರಿಸದೆ ನೋಡಿದವರಲ್ಲ!"

ಅಡುಗೆಮನೆಯಲ್ಲಿ ಲಟ್ಟಣಿಗೆ ಕೆಳಗೆ ಬಿದ್ದ ಸದ್ದಾಯಿತು. ಜ್ಯೋತ್ಸ್ನಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದಳು. ಅಳುತ್ತಿರಲಿಲ್ಲ, ನಗುತ್ತಿದ್ದಳು. "ಮಾಮಿ, ಅದು ಅವಳೂ ಅಲ್ಲ, ಅವನೂ ಅಲ್ಲ. ಯಂತ್ರ. ಲಕ್ಷಗಟ್ಟಲೆ ಜನರ ಚರ್ಮದ ಫೋಟೋ ನೋಡಿ ಕಲಿತದ್ದಂತೆ."

"ಲಕ್ಷಗಟ್ಟಲೆ ಜನರದ್ದು ನೋಡಿ ಬಂದದ್ದಾ? ಅಂಥದ್ದನ್ನು ಮರ್ಯಾದಸ್ಥರ ಮನೆಗೆ ತರುವುದಾ?"

ಆದರೂ ಹೋದೆ. ಯಂತ್ರವಾದರೂ ಗುಳ್ಳದ ಮೇಲೆ ತೀರ್ಪು ಕೊಟ್ಟರೆ ಜ್ಯೋತ್ಸ್ನಾಳ ಬಾಯಿ ಶಾಶ್ವತವಾಗಿ ಮುಚ್ಚುತ್ತದಲ್ಲ ಎಂಬ ಆಸೆ. ಡೊಂಬಿವಲಿಯ ಮನೆಯಿಂದ ಹನ್ನೊಂದರ ಸ್ಲೋ ಲೋಕಲಿನಲ್ಲಿ ಠಾಣೆಗೆ ಹೋಗಿ, ರಿಕ್ಷಾ ಹಿಡಿದು ನೌಪಾಡಾ ತಲುಪಿದೆವು. ಡಾಕ್ಟರಮ್ಮನ ಹೆಸರು ಅಮಿತಾ; ಮರಾಠಿಯವರು, ಹಸನ್ಮುಖಿ.

"ಕುಠೇ ಖಾಜ್ ಯೇತೇ, ಆಜೀ?" ತುರಿಕೆ ಎಲ್ಲಿ ಅಜ್ಜಿ ಎಂದು ಕೇಳಿದರು.

ನಾನು ಮಣಿಕಟ್ಟು ತೋರಿಸಿದೆ. ಹನ್ನೊಂದು ವರ್ಷದ ಅಭ್ಯಾಸ. ಜ್ಯೋತ್ಸ್ನಾ ಕೆಮ್ಮಿದಳು. ನಾನು ಇನ್ನೊಂದು ಮಣಿಕಟ್ಟು ತೋರಿಸಿದೆ.

ತುರಿಕೆಯ ಕಾರಣವನ್ನಾದರೂ ಸರಿಯಾಗಿ ಹೇಳೋಣವೆಂದು ನನ್ನ ಮರಾಠಿಯನ್ನೆಲ್ಲ ಒಟ್ಟುಗೂಡಿಸಿದೆ. ನಂಜು ಎನ್ನುವುದಕ್ಕೆ ಅವರಲ್ಲಿ ಶಬ್ದ ಏನೋ ಗೊತ್ತಾಗಲಿಲ್ಲ. ಹತ್ತಿರದ ಶಬ್ದ ಹಾಕಿದೆ. ಸೊಸೆಯತ್ತ ಬೆರಳು ತೋರಿಸಿ, "ಸೂನ್. ವಾಂಗಿ. ವಿಷ್" ಎಂದೆ.

ಸೊಸೆ, ಬದನೆ, ವಿಷ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕನ್ನಡಕ ತೆಗೆದರು. ಜ್ಯೋತ್ಸ್ನಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವಳಿಗೆ ಬೆವರು ಬಂತು. ನಂಜೆಂದರೆ ವಿಷವಲ್ಲ, ಅತ್ತೆ ಬದುಕಿದ್ದಾರೆ, ಚೆನ್ನಾಗಿದ್ದಾರೆ, ಮೂರು ಹೊತ್ತು ಉಣ್ಣುತ್ತಾರೆ ಎಂದು ಅವಳು ವಿವರಿಸುವುದಕ್ಕೆ ಹತ್ತು ನಿಮಿಷ ಬೇಕಾಯಿತು. ಡಾಕ್ಟರಮ್ಮ ನಕ್ಕು ನಕ್ಕು, "ಹರಕತ್ ನಾಹೀ ಆಜೀ, ಈಗ ತೋರಿಸಲಿಕ್ಕೆ ನಾಚಿಕೆಯಾದರೆ ಬೇಡ. ವಾರಕ್ಕೆ ಎರಡು ಸಲ ಫೋಟೋ ಹಾಕಿ, ಏನು ತಿಂದಿರಿ ಅಂತ ಹೇಳಿ. ಏ-ಆಯ್ ಲೆಕ್ಕ ಇಡುತ್ತದೆ, ನಾನೂ ನೋಡುತ್ತೇನೆ. ಆರು ವಾರದ ಮೇಲೆ ಬನ್ನಿ. ಆಗ ಮಾತ್ರ ತೋರಿಸಲೇಬೇಕು" ಎಂದು ಒಂದು ಬಿಳಿ ಮುಲಾಮು ಬರೆದುಕೊಟ್ಟರು.

ಅಂದು ಸಂಜೆ ಚಹಾದ ಹೊತ್ತಿಗೆ ಜ್ಯೋತ್ಸ್ನಾಳೇ ಮಾತು ತೆಗೆದಳು. "ಮಾಮಿ, ಎರಡು ವಾರ ಗುಳ್ಳ ಇಲ್ಲ, ಎರಡು ವಾರ ಗುಳ್ಳ, ಮತ್ತೆ ಎರಡು ವಾರ ಇಲ್ಲ. ಯಂತ್ರವೇ ಹೇಳ್ಲಿ. ಆಗ್ಬಹುದಾ?"

"ಧಾರಾಳ! ಗುಳ್ಳವೇ ಕಾರಣ ಅಂತ ಆದ್ರೆ ನಾನು ಸಾಯುವ ತನಕ, ಸತ್ತ ಮೇಲೂ ವರ್ಷಾಂತಿಕದ ತನಕ, ಈ ಮನೆಗೆ ಬದನೆ ಬರಬಾರದು."

"ಗುಳ್ಳ ಅಲ್ಲ ಅಂತ ಆದ್ರೆ?"

ನನಗೆ ರೋಷ ಬಂತು. ಸೊಂಟದಿಂದ ಗೊಂಚಲು ಎಳೆದು ಮೇಜಿನ ಮೇಲೆ ಜಣ್ಣೆಂದು ಇಟ್ಟೆ. "ಇದು ನಿನಗೆ."

ಶೇಖರನ ಚಹಾ ಗಂಟಲಲ್ಲಿ ಸಿಕ್ಕಿಕೊಂಡಿತು. ಅವನು ಮಾತು ಕಡಿಮೆಯವನು. ಅವನ ಮಾತುಗಳೆಲ್ಲ ಬೆಳಗಿನ ಏಳೂ ನಲವತ್ತೆರಡರ ಲೋಕಲಿನಲ್ಲಿ ಜಾಗಕ್ಕಾಗಿ ಖರ್ಚಾಗುತ್ತವೆ. "ಅಮ್ಮ, ಬೀಗದ ಕೈ ಎಲ್ಲ ಯಾಕೆ..." ಎಂದ. ಜ್ಯೋತ್ಸ್ನಾ ಅವನ ಮುಖ ನೋಡಿದಳು, ಅವನು ಅವಳ ಮುಖ ನೋಡಿದ. "ಅದು ಬೇಡ ಮಾಮಿ, ಅದು ನಿಮ್ಮಲ್ಲೇ ಇರ್ಲಿ" ಎಂದಳು. ಹೆದರಿದಳು ಎಂದು ನನಗೆ ಸಂತೋಷವಾಯಿತು.

ಸೋಮವಾರ ಪರೀಕ್ಷೆ ಆರಂಭ. ಬೆಳಿಗ್ಗೆ ಹತ್ತಕ್ಕೆ ಕಿಟಕಿಯ ಬಳಿ ನಾನು, ಮೊಬೈಲು ಹಿಡಿದು ಸೊಸೆ. ಅಪೇಕ್ಷಾ ಅದಕ್ಕೆ ಕನ್ನಡ ಹಾಕಿಕೊಟ್ಟಿದ್ದಳು. ಎಂಥ ಕನ್ನಡ! ಯಕ್ಷಗಾನ ಆಟದ ರಂಗಸ್ಥಳದಲ್ಲಿ ದೇವೇಂದ್ರ ಮಾತಾಡಿದ ಹಾಗೆ.

"ನಮಸ್ಕಾರ ಲೋಲಾಕ್ಷಿಯವರೇ. ಬಾಧಿತ ಭಾಗವನ್ನು ಚೌಕಟ್ಟಿನೊಳಗೆ ಇರಿಸಿರಿ. ಅಲುಗಾಡದಿರಿ."

ನಿಜ ಹೇಳುತ್ತೇನೆ, ನಾನು ಸ್ವಲ್ಪ ಕರಗಿದೆ. ಲೋಲಾಕ್ಷಿ ನನ್ನ ಹೆಸರು. ಮಗನಿಗೆ ಅಮ್ಮ, ಸೊಸೆಗೆ ಮಾಮಿ, ಕಟ್ಟಡಕ್ಕೆಲ್ಲ ಆಜಿ. ಯಜಮಾನರು ನಲವತ್ತು ವರ್ಷ "ಕೇಳಿತಾ?" ಎಂದೇ ಕರೆದರು. ಹೆಸರು ಹಿಡಿದು, ಅದರ ಹಿಂದೆ "ಅವರೇ" ಎಂದೂ ಸೇರಿಸಿ ಕರೆದದ್ದು ಈ ಯಂತ್ರವೊಂದೇ. ಸೆರಗು ಸ್ವಲ್ಪ ಸರಿಸಿದೆ.

"ಅಳತೆಗಾಗಿ ಬಾಧಿತ ಭಾಗದ ಪಕ್ಕದಲ್ಲಿ ಒಂದು ನಾಣ್ಯವನ್ನು ಇರಿಸಿರಿ."

ಜ್ಯೋತ್ಸ್ನಾ ಒಂದು ರೂಪಾಯಿ ಇಟ್ಟಳು. ಜಾರಿತು. ಮತ್ತೆ ಇಟ್ಟಳು. ಜಾರಿ ಸೋಫಾದ ಅಡಿಗೆ ಉರುಳಿತು. ಅವಳು ಮಂಡಿಯೂರಿ ಪೊರಕೆ ಹಾಕಿ ಹುಡುಕುತ್ತಿರುವಾಗ ನನಗೆ ಮಹಾ ಉಪಾಯವೊಂದು ಹೊಳೆಯಿತು.

"ನಾಣ್ಯ ಎಂತಕ್ಕೆ ಮಗಾ? ಬೀಗದ ಕೈ ಅಲ್ಲೇ ಉಂಟಲ್ಲ. ಸಿಕ್ಕಿಸಿದ್ದು, ಜಾರುವುದಿಲ್ಲ. ಅದನ್ನೇ ಅಳತೆಗೆ ಹಿಡೀಲಿ."

ಯಂತ್ರ "ಧನ್ಯವಾದಗಳು" ಎಂದಿತು. ಮತ್ತೆ ಕೇಳಿತು: "ತುರಿಕೆಯ ತೀವ್ರತೆ ಸೊನ್ನೆಯಿಂದ ಹತ್ತರವರೆಗೆ ಎಷ್ಟು?"

"ಹದಿನಾರಾಣೆ!" ಎಂದೆ.

ಅದಕ್ಕೆ ಅರ್ಥವಾಗಲಿಲ್ಲ. ಜ್ಯೋತ್ಸ್ನಾ ಏಳು ಎಂದು ಒತ್ತಿದಳು.

ಮೊದಲ ಎರಡು ವಾರ ಗುಳ್ಳವಿಲ್ಲದೆ ಕಳೆದವು. ತುರಿಕೆ ಏಳೇ. ಹಳೆಯ ನಂಜು ಎಂದು ಜಾಗದಿಂದ ಅಲುಗದೆ ಸಾಧಿಸಿದೆ. ಅನಂತರ ಜ್ಯೋತ್ಸ್ನಾಳ ಅಣ್ಣ ಉಡುಪಿಯ ಬಸ್ಸಿನಲ್ಲಿ ಅರ್ಧ ಗೋಣಿ ಗುಳ್ಳ ಕಳಿಸಿಕೊಟ್ಟ. ವಿಜ್ಞಾನಕ್ಕಾಗಿ ನಾನು ತಿನ್ನಲೇಬೇಕಾಯಿತು. ಮೊದಲ ದಿನ ಸಾಂಬಾರು. ಎರಡನೆಯ ದಿನ ಸುಟ್ಟು ಕಿವುಚಿ, ಮೊಸರು ಹಾಕಿ, ಹಸಿಮೆಣಸಿನ ಬಜ್ಜಿ. ಮೂರನೆಯ ದಿನ ಎಣ್ಣೆಯಲ್ಲಿ ಕರಿದ ಪೋಡಿ, ಹೊರಗೆ ಗರಿಗರಿ, ಒಳಗೆ ಬೆಣ್ಣೆ. "ಇನ್ನೆರಡು ಹಾಕು, ಪರೀಕ್ಷೆ ಸರಿಯಾಗ್ಬೇಕು" ಎಂದು ತಟ್ಟೆ ಒಡ್ಡಿದೆ. ಜ್ಯೋತ್ಸ್ನಾ ಮಾತ್ರ ಸೊಂಡಿಲೂ ಆಡಿಸದ ಗಣಪತಿಯ ಹಾಗೆ ಗಂಭೀರವಾಗಿ ಬಡಿಸಿದಳು.

ಫೋಟೋದ ದಿನ ಬೆಳಿಗ್ಗೆ ನೋಡುತ್ತೇನೆ, ಸೊಂಟದಲ್ಲಿ ಹೊಸ ಗುಳ್ಳೆ ಒಂದೂ ಇಲ್ಲ! ಹೀಗಾದರೆ ಪಂತದ ಗತಿ? ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ನ್ಯಾಯಕ್ಕೆ ಉಗುರಿನಿಂದ ಸ್ವಲ್ಪ ಸಹಾಯ ಮಾಡಿದೆ. ಕೆಂಪಗಾಯಿತು. ಹೊರಗೆ ಬಂದು ನರಳುತ್ತ ಕಿಟಕಿಯ ಬಳಿ ನಿಂತೆ.

"ಲೋಲಾಕ್ಷಿಯವರೇ, ಈಗಷ್ಟೇ ಮೂಡಿರುವ ಉಗುರಿನ ಗೀರುಗಳು ಕಾಣುತ್ತಿವೆ. ದಯವಿಟ್ಟು ತುರಿಸದಿರಿ."

ಈಗಷ್ಟೇ! ಬಚ್ಚಲಿಗೆ ಚಿಲಕ ಹಾಕಿದ್ದೆನಲ್ಲ! ಜ್ಯೋತ್ಸ್ನಾ ಉಗುರು ಕತ್ತರಿ ತಂದು ಟೀಪಾಯಿಯ ಮೇಲೆ ಇಟ್ಟು ಹೋದಳು.

ಮರುದಿನವೇ ಜ್ವರ ಬಂತು. ಗುಳ್ಳದ ಜ್ವರ ಎನ್ನುವುದಕ್ಕೆ ಬಾಯಿ ತೆರೆದೆ, ಆದರೆ ಅದೇ ವಾರ ಕಟ್ಟಡಕ್ಕೆ ಕಟ್ಟಡವೇ ಕೆಮ್ಮುತ್ತಿತ್ತು. ಹತ್ತು ದಿನ ಮಲಗಿದೆ. ಸೀರೆ ಉಡುವ ಶಕ್ತಿ ಇರಲಿಲ್ಲ. ಜ್ಯೋತ್ಸ್ನಾ ತನ್ನ ಹೂವಿನ ನೈಟಿ ತೊಡಿಸಿದಳು. ಆಡಳಿತವನ್ನು ತಲೆದಿಂಬಿನ ಕೆಳಗೆ ವರ್ಗಾಯಿಸಿದೆ. ಬಾಯಿಗೆ ರುಚಿ ಇಲ್ಲವೆಂದು ಗಂಜಿ, ಗಂಜಿಗೆ ಗುಳ್ಳದ ಬಜ್ಜಿ. ಆ ಹತ್ತು ದಿನವೂ ಗುಳ್ಳ ತಪ್ಪಲಿಲ್ಲ, ಫೋಟೋವೂ ತಪ್ಪಲಿಲ್ಲ. ತಲೆದಿಂಬಿನ ಕೆಳಗೆ ಕೈ ಹಾಕುವ ಧೈರ್ಯ ಯಾರಿಗೂ ಇಲ್ಲದ್ದರಿಂದ ಅಳತೆಗೆ ಶೇಖರನ ಕೋಟಿನ ಕಪ್ಪು ಗುಂಡಿ ಇಟ್ಟರು. ತುರಿಕೆ ಆರಾಯಿತು, ನಾಲ್ಕಾಯಿತು, ಎರಡಾಯಿತು.

"ಜ್ವರದ ಕಾವಿಗೆ ನಂಜು ಬೆಂದು ಹೋಯ್ತು" ಎಂದೆ ಮಲಗಿದಲ್ಲಿಂದಲೇ.

ಜ್ವರ ಬಿಟ್ಟಿತು. ಗುಳ್ಳದ ಗೋಣಿ ಬರಿದಾಯಿತು. ಮಿಂದು ಸೀರೆ ಉಟ್ಟು, ಗೊಂಚಲು ಸೊಂಟಕ್ಕೆ ಏರಿಸಿ, ಮತ್ತೆ ಸಿಂಹಾಸನಾರೂಢಳಾದೆ. ನಾಲ್ಕೇ ದಿನದಲ್ಲಿ ತುರಿಕೆ ಐದು, ಮುಂದಿನ ವಾರ ಏಳು. ಗುಳ್ಳ ತಿನ್ನುವಾಗ ಇಲ್ಲ, ಬಿಟ್ಟಾಗ ಉಂಟು! ನನಗೇ ಗಾಬರಿಯಾಯಿತು. ಗುಳ್ಳವೇ ಮದ್ದು ಎಂದು ಯಂತ್ರ ಹೇಳಿಬಿಟ್ಟರೆ ಬೀಗದ ಕೈಯೂ ಹೋಯಿತು, ದಿನಾ ಬೆಳಿಗ್ಗೆ ಸೊಸೆಯ ತವರಿಗೆ ಕೈಮುಗಿಯುವ ಕಾಲವೂ ಬಂತು.

ಆರು ವಾರ ಮುಗಿದು ಮತ್ತೆ ನೌಪಾಡಾ. ಡಾಕ್ಟರಮ್ಮ ಒಂದು ಗೆರೆಯ ಚಿತ್ರ ತೋರಿಸಿದರು. ಗೆರೆ ನಡುವೆ ಬಾವಿಗೆ ಇಳಿದು ಮತ್ತೆ ಹತ್ತಿತ್ತು. ಅನಂತರ ಜ್ಯೋತ್ಸ್ನಾಳ ಮೊಬೈಲು ಮೇಜಿನ ಮೇಲಿಟ್ಟು ಒತ್ತಿದರು. ದೇವೇಂದ್ರ ಗಂಟಲು ಸರಿಮಾಡಿಕೊಂಡ.

"ಲೋಲಾಕ್ಷಿಯವರೇ, ಬದನೆಯ ಸೇವನೆಗೂ ನಿಮ್ಮ ಬಾಧೆಗೂ ಸಂಬಂಧ ಕಂಡುಬಂದಿಲ್ಲ. ಬಾಧೆ ಹೆಚ್ಚಿರುವ ಪ್ರತಿಯೊಂದು ಚಿತ್ರದಲ್ಲೂ ಲೋಹದ ವಸ್ತುವೊಂದು ಚರ್ಮಕ್ಕೆ ತಾಗಿಕೊಂಡಿದೆ. ಬಾಧೆ ತಗ್ಗಿರುವ ಚಿತ್ರಗಳಲ್ಲಿ ಆ ವಸ್ತು ಇಲ್ಲ. ಇದು ಲೋಹ ಒಗ್ಗದ ಲಕ್ಷಣವಿರಬಹುದು. ದಯವಿಟ್ಟು ವೈದ್ಯರಿಂದ ಪರೀಕ್ಷಿಸಿಕೊಳ್ಳಿರಿ."

ನನ್ನ ಕೈ ತಾನಾಗಿ ಸೊಂಟದ ಗೊಂಚಲಿನ ಮೇಲೆ ಹೋಯಿತು. ಕಳ್ಳನನ್ನು ಹಿಡಿಯಲು ಬಂದ ಪೊಲೀಸರಿಗೆ ಕಳ್ಳನನ್ನೇ ಅಳತೆಗೋಲಾಗಿ ಕೊಟ್ಟವಳು ನಾನು!

"ಆಜೀ, ಆತಾ ದಾಖವಾ" ಎಂದರು ಡಾಕ್ಟರಮ್ಮ. ಈಗ ತೋರಿಸಿ ಎಂದು. ತೋರಿಸಿದೆ. ಅವರು ಗೊಂಚಲನ್ನು ಎತ್ತಿ ನೋಡಿದರು, ಇಳಿಸಿ ನೋಡಿದರು. ಕೆಂಪು ಜಾಗ ಗೊಂಚಲಿನಷ್ಟೇ ಉದ್ದ, ಗೊಂಚಲಿನಷ್ಟೇ ಅಗಲ, ಬೀಗದ ಕೈ ಪೋಣಿಸಿದ ಬಳೆಯ ಜಾಗದಲ್ಲಿ ದುಂಡಗೆ. ಅಷ್ಟಕ್ಕೇ ಒಪ್ಪದೆ ನನ್ನ ಬೆನ್ನಿಗೆ ಒಂದು ಪಟ್ಟಿ ಅಂಟಿಸಿದರು. ಅದರಲ್ಲಿ ಸಾಲಾಗಿ ಚುಕ್ಕೆ ಚುಕ್ಕೆ ಮದ್ದು. ಎರಡು ದಿನ ಬೆನ್ನಿಗೆ ನೀರು ತಾಗಿಸಬಾರದು. ಪಟ್ಟಿ ತೆಗೆದಾಗ ಒಂದು ಚುಕ್ಕೆ ಕೆಂಪಗೆ ಉಬ್ಬಿತ್ತು. ಇನ್ನೆರಡು ದಿನ ಬಿಟ್ಟು ನೋಡಿದರೂ ಅದೊಂದೇ ಚುಕ್ಕೆ ಉರಿಯುತ್ತಿತ್ತು. ಬೀಗದ ಕೈಗೆ ಹೊಳಪು ಬರಲೆಂದು ಬಳಿಯುವ ನಿಕೆಲ್ ಅದು.

"ಅದೂ ನಂಜಾ?" ಎಂದು ಸಣ್ಣ ದನಿಯಲ್ಲಿ ಕೇಳಿದೆ.

ಡಾಕ್ಟರಮ್ಮನಿಗೆ ಆ ಶಬ್ದ ಈಗ ಬಾಯಿಪಾಠವಾಗಿತ್ತು. "ಹೋ ಆಜೀ. ವಾಂಗಿ ನಾಹೀ. ಚಾವೀ ನಂಜು."

ಈಗ ನೋಡಿ ನನ್ನ ನೆನಪಿನ ಪ್ರತಾಪ. ನೀಲಿ ಪಟ್ಟೆಯ ಚೀಲ ನೆನಪಿತ್ತು, ಹದಿನಾಲ್ಕು ಗುಳ್ಳ ನೆನಪಿತ್ತು, ಹಾಲಿನವನ ಗಂಟೆ ನೆನಪಿತ್ತು. ಆ ಬುಧವಾರಕ್ಕಿಂತ ಎರಡು ತಿಂಗಳ ಹಿಂದಷ್ಟೇ ಆ ಗೊಂಚಲು ಯಜಮಾನರ ಕಿಸೆಯಿಂದ ನನ್ನ ಬರಿ ಸೊಂಟಕ್ಕೆ ಬಂದದ್ದು ಮಾತ್ರ ಹನ್ನೊಂದು ವರ್ಷ ಒಮ್ಮೆಯೂ ನೆನಪಾಗಲಿಲ್ಲ. ಮರ್ಯಾದೆಯ ವಸ್ತುವಿನ ಮೇಲೆ ಯಾರಾದರೂ ಸಂಶಯಪಡುತ್ತಾರೆಯೇ?

ಡೊಂಬಿವಲಿಯವರೆಗೆ ಲೇಡೀಸ್ ಡಬ್ಬಿಯಲ್ಲಿ ಜ್ಯೋತ್ಸ್ನಾ ಒಂದು ಮಾತೂ ಆಡಲಿಲ್ಲ. ನಗಲಿಲ್ಲ, ಚುಚ್ಚಲಿಲ್ಲ. "ನಿಂಬೆಹುಳಿ ಚಾಕಲೇಟು ಬೇಕಾ ಮಾಮಿ?" ಎಂದು ಮಾತ್ರ ಕೇಳಿದಳು. ಗೆದ್ದ ಸೊಸೆ ಸುಮ್ಮನಿದ್ದರೆ ಅತ್ತೆಗೆ ಅದಕ್ಕಿಂತ ದೊಡ್ಡ ತುರಿಕೆ ಇನ್ನೊಂದಿಲ್ಲ.

ಆದರೆ ಲೋಲಾಕ್ಷಿ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಭಾನುವಾರ ಎಲ್ಲರೂ ಮನೆಯಲ್ಲಿರುವಾಗ ಸ್ಟೀಲಿನ ತಟ್ಟೆಯಲ್ಲಿ ವೀಳ್ಯದೆಲೆ ಹಾಸಿ, ಗೊಂಚಲು ಇಟ್ಟು, ಪಟ್ಟಾಭಿಷೇಕಕ್ಕೆ ಸಿದ್ಧಳಾದೆ. ಕಣ್ಣು ತುಂಬಿ ಬಂತು. ಒಂದೊಂದನ್ನೇ ಎತ್ತಿ ಪರಿಚಯ ಮಾಡಿಸಿದೆ.

"ಇದು ಕೋಪರಿಯ ಕ್ಯಾಂಟೀನಿನ ಶಟರಿನದ್ದು."

"ಅದು ಮುಚ್ಚಿ ಹದಿಮೂರು ವರ್ಷ ಆಯ್ತಮ್ಮ" ಎಂದ ಶೇಖರ.

"ಇದು ಕಲ್ಯಾಣದ ಚಾಳಿನ ಕೋಣೆಯದ್ದು."

"ಚಾಳು ಕೆಡವಿ ಅಲ್ಲಿ ಬಿಲ್ಡಿಂಗ್ ಬಂತು."

"ಇದು ಅಪ್ಪನ ಸೈಕಲ್ಲಿನದ್ದು. ಇದು ಕಬ್ಬಿಣದ ಟ್ರಂಕಿನದ್ದು, ಟ್ರಂಕು ಗುಜರಿಯ ಭಂಗಾರಿನವನಿಗೆ ಕೊಟ್ಟದ್ದು ಗೊತ್ತುಂಟು, ನೀನು ಸುಮ್ಮನಿರು. ಈ ಮೂರು ಯಾವುದಕ್ಕೆ ಅಂತ ಅಪ್ಪನಿಗೇ ಗೊತ್ತಿರಲಿಲ್ಲ. ಇದು..." ಎಂದು ಎಂಟನೆಯದನ್ನು ಎತ್ತಿ ಹಿಡಿದೆ, "ಇದು ಕಪಾಟಿನದ್ದು. ಈ ಮನೆಯ ಮರ್ಯಾದೆ ಎಲ್ಲ ಇದರಲ್ಲಿ ಉಂಟು. ತೆಗೋ ಜ್ಯೋತ್ಸ್ನಾ. ಇವತ್ತಿನಿಂದ ನೀನೇ ಯಜಮಾನ್ತಿ."

ಜ್ಯೋತ್ಸ್ನಾ ಶೇಖರನನ್ನು ನೋಡಿದಳು. ಶೇಖರ ಫ್ಯಾನು ನೋಡಿದ. ಅಪೇಕ್ಷಾ ಮೊಬೈಲಿನಿಂದ ತಲೆ ಎತ್ತದೆ ಹೇಳಿದಳು: "ಅಜ್ಜಿ, ಕಪಾಟ್ ತೋ ಚಮ್ಮಚ್ ಸೇ ಖುಲ್ತಾ ಹೈ ನಾ?"

"ಎಂತ?"

"ಅಪೇಕ್ಷಾ!" ಎಂದು ಜ್ಯೋತ್ಸ್ನಾ ಗದರಿದಳು. ಆದರೆ ಹೇಳಿಯಾಗಿತ್ತು. ಶೇಖರ ಫ್ಯಾನಿಗೇ ಹೇಳಿದ: "ಅಮ್ಮ, ಇವಳು ಎರಡನೇ ಕ್ಲಾಸಿನಲ್ಲಿರುವಾಗ ಆ ಬೀಗದೊಳಗೆ ಪೆನ್ಸಿಲ್ ತುರುಕಿ ಕೆಡಿಸಿದ್ದಾಳೆ. ಅಲ್ಲಿಂದ ಯಾವ ಕೈ ಹಾಕಿದ್ರೂ ತಿರುಗ್ತದೆ. ಚಮಚದ ಹಿಡಿ ಹಾಕಿದ್ರೂ ತೆರೀತದೆ."

ಇವಳು ಈಗ ಕಾಲೇಜು! ಹತ್ತು ವರ್ಷ ನಾನು ಕಾದದ್ದು ಬಾಗಿಲೇ ಇಲ್ಲದ ಕೋಟೆಯನ್ನು. ಮೈ ಕೆರೆದುಕೊಂಡು ಕಾದಿದ್ದೆ.

"ಮತ್ತೆ ನೀನು ಪ್ರತಿ ಹಬ್ಬಕ್ಕೆ ಬಂದು, ಮಾಮಿ ಬೀಗದ ಕೈ ಕೊಡ್ತೀರಾ ಅಂತ ಕೇಳ್ತಿದ್ದದ್ದು?"

ಜ್ಯೋತ್ಸ್ನಾ ವೀಳ್ಯದೆಲೆಯ ತುದಿ ಚಿವುಟುತ್ತಿದ್ದಳು. "ಕೇಳಿದ್ರೆ ನಿಮಗೆ ಖುಷಿ ಆಗ್ತಿತ್ತಲ್ಲ ಮಾಮಿ. ಅದಕ್ಕೆ."

ಅಡುಗೆಮನೆಯಿಂದ ಗುಳ್ಳದ ಸಾಂಬಾರಿನ ಪರಿಮಳ ಬರುತ್ತಿತ್ತು. (ಹೊಸ ಗೋಣಿ ಬಂದಿತ್ತು. ಈ ಸಲ ಪೂರ್ತಿ ಗೋಣಿ.) ಗೊಂಚಲಿನ ತಟ್ಟೆಯನ್ನು ಅವಳತ್ತ ಸರಿಸಿದೆ. ಆಮೇಲೆ ಕೈ ಚಾಚಿದೆ.

"ಯಾವ ಚಮಚ ಅದು?"

ಜ್ಯೋತ್ಸ್ನಾ ಒಳಗಿನಿಂದ ತಂದಳು. ಹಿಡಿ ಸ್ವಲ್ಪ ಬಾಗಿದ ಹಳೆಯ ಚಹಾದ ಚಮಚ. ಎಷ್ಟೋ ವರ್ಷದಿಂದ ನಾನು ದಿನಾ ಅದರಲ್ಲೇ ಸಕ್ಕರೆ ಕಲಸುತ್ತಿದ್ದೇನೆ.

"ಇಲ್ಲಿ ಕೊಡು."

"ಮಾಮಿ..."

"ಪಂತದಲ್ಲಿ ನಾನು ಸೋತದ್ದು ಬೀಗದ ಕೈ. ಚಮಚದ ಮಾತೇ ಬಂದಿರಲಿಲ್ಲ."

ಚರ್ಮಕ್ಕೆ ತಾಗದ ಹಾಗೆ ಕರ್ಚೀಫಿನಲ್ಲಿ ಸುತ್ತಿ ಇಟ್ಟುಕೊಳ್ಳುತ್ತೇನೆಂದು ಮಾತು ಕೊಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎರಡು ಸಲ ಸಾಂಬಾರು ಹಾಕಿಸಿಕೊಂಡು ಉಂಡೆ. ಮೂರನೆಯ ಸಲ ಜ್ಯೋತ್ಸ್ನಾಳೇ ಕೇಳದೆ ಬಡಿಸಿದಳು.

ಡಾಕ್ಟರಮ್ಮ ಇನ್ನೂ ಒಂದು ತಿಂಗಳು ಫೋಟೋ ಹಾಕುತ್ತಿರಿ ಎಂದಿದ್ದರು. ಮುಂದಿನ ಗುರುವಾರದ ಹೊತ್ತಿಗೆ ಕರ್ಚೀಫು ಒಗೆಯಲು ಹೋಗಿತ್ತು. (ಒಂದು ದಿನದಲ್ಲಿ ಏನಾಗುತ್ತದೆ ಎಂದುಕೊಂಡೆ.) ಕಿಟಕಿಯ ಬಳಿ ನಿಂತೆ. ಜ್ಯೋತ್ಸ್ನಾ ಮೊಬೈಲು ಹಿಡಿದಳು.

"ಲೋಲಾಕ್ಷಿಯವರೇ, ಬಾಧೆ ಬಹಳಷ್ಟು ಇಳಿದಿದೆ. ಆದರೆ ಚರ್ಮಕ್ಕೆ ತಾಗಿಕೊಂಡಿರುವ ಹೊಸ ಲೋಹದ ವಸ್ತುವೊಂದು ಕಾಣುತ್ತಿದೆ. ಅದು ಏನು?"

ನಾನು ಕಿಟಕಿಯ ಹೊರಗೆ ಹೋಗುತ್ತಿದ್ದ ಲೋಕಲನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತೆ. ಜ್ಯೋತ್ಸ್ನಾ ಚಮಚವನ್ನು ನೋಡಿದಳು, ನನ್ನನ್ನು ನೋಡಿದಳು, ತುಟಿ ಕಚ್ಚಿ ನಗು ನುಂಗಿಕೊಂಡು ಮೊಬೈಲನ್ನು ಬಾಯಿಯ ಹತ್ತಿರ ತಂದಳು.

"ಬೀಗದ ಕೈ" ಎಂದಳು.